ಕೇರಿಯ ಬಾವಿಗಳ ನೀರು ಕೆಟ್ಟಾಗ: ಉತ್ತರ ಕನ್ನಡದ ಮನೆಗಳಿಗೆ ಹಂತ ಹಂತದ ಮಾರ್ಗದರ್ಶಿ

ಮಳೆಗಾಲ ಹಿಡಿಯುತ್ತಿದ್ದಂತೆ ಕಾರವಾರ, ಅಂಕೋಲಾ, ಕುಮಟಾ ಕಡೆಯಿಂದಲೂ ಘಟ್ಟದ ಮೇಲಿನ ಶಿರಸಿ ಕಡೆಯಿಂದಲೂ ಓದುಗರು ಒಂದೇ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳುತ್ತಾರೆ: ‘ಬಾವಿ ನೀರು ವಾಸನೆ ಬರುತ್ತಿದೆ, ಎಷ್ಟು ಬ್ಲೀಚಿಂಗ್ ಪೌಡರ್ ಹಾಕಬೇಕು?’ ಆ ಲೆಕ್ಕವನ್ನು ಏಳನೆಯ ಹಂತದಲ್ಲಿ ಕೊಟ್ಟಿದ್ದೇನೆ. ಅದನ್ನು ಅಷ್ಟು ಹಿಂದೆ ಇಟ್ಟಿರುವುದಕ್ಕೆ ಕಾರಣವಿದೆ. ನಿಮ್ಮ ಬಾವಿಯಲ್ಲಿ ಇಂದು ಕಾಣುವ ನೀರು ನಿನ್ನೆ ಪಕ್ಕದ ಹಿತ್ತಲಿನ ನೆಲದಡಿಯಲ್ಲಿತ್ತು. ನಾಳೆ ಅದು ಇನ್ನೊಬ್ಬರ ಬಾವಿಯಲ್ಲಿರುತ್ತದೆ. ಹೊಲಸು ಎಲ್ಲಿಂದ ಸೇರುತ್ತಿದೆ ಎಂಬುದನ್ನು ಕಂಡುಹಿಡಿದು ಅಲ್ಲಿಯೇ ತಡೆಯದೆ ಬಾವಿಯನ್ನು ಎಷ್ಟು ಸಲ ತೊಳೆದರೂ ಅದು ಹದಿನೈದು ದಿನದಲ್ಲಿ ಮತ್ತೆ ಕೆಡುತ್ತದೆ. ಆದ್ದರಿಂದ ಈ ಕೆಲಸವನ್ನು ಒಂದು ಮನೆಯವರು ಮಾಡಿ ಮುಗಿಸಲು ಆಗುವುದಿಲ್ಲ. ಹತ್ತಿಪ್ಪತ್ತು ಮನೆಯವರು ಸೇರಿ, ಕ್ರಮ ತಪ್ಪದಂತೆ ಮಾಡಬೇಕು.

ನಮ್ಮ ಜಿಲ್ಲೆಯ ನೆಲದ ಬಗ್ಗೆ ಮೊದಲೇ ಎರಡು ಮಾತು ಹೇಳಬೇಕು. ಕರಾವಳಿಯ ಉದ್ದಕ್ಕೂ ಹೊಯಿಗೆ (ಮರಳು) ನೆಲ, ಅದರ ಹಿಂದಿನ ದಿಬ್ಬಗಳಲ್ಲಿ ಚಿರೇಕಲ್ಲು (ಜಂಬಿಟ್ಟಿಗೆ). ಹೊಯಿಗೆಯಲ್ಲಿ ನೀರು ಸುಲಭವಾಗಿ ಹರಿಯುತ್ತದೆ. ಚಿರೇಕಲ್ಲಿನಲ್ಲಿ ಇನ್ನೂ ಸುಲಭ, ಏಕೆಂದರೆ ಅದರೊಳಗೆ ಬೆರಳು ತೂರುವಷ್ಟು ದೊಡ್ಡ ಕೊಳವೆಯಂತಹ ರಂಧ್ರಗಳಿದ್ದು, ಅವುಗಳ ಮೂಲಕ ಹೋಗುವ ನೀರು ಸೋಸಿಕೊಳ್ಳುವುದೇ ಇಲ್ಲ. ಕರಾವಳಿಯಲ್ಲಿ ವರ್ಷಕ್ಕೆ ಸುಮಾರು 3000 ಮಿ.ಮೀ. ಮಳೆ ಬೀಳುತ್ತದೆ ಮತ್ತು ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿಯುತ್ತದೆ. ಹೀಗಾಗಿ ಮೇ ತಿಂಗಳಲ್ಲಿ ತಳ ಕಾಣುವ ಬಾವಿ ಜುಲೈಯಲ್ಲಿ ಕೈಗೆಟಕುವಷ್ಟು ತುಂಬುತ್ತದೆ. ಅದೇ ಹೊತ್ತಿಗೆ ಶೌಚದ ಇಂಗುಗುಂಡಿಯ ತಳವೂ ಅಂತರ್ಜಲದಲ್ಲಿ ಮುಳುಗಿರುತ್ತದೆ. ನಮ್ಮ ಕೇರಿಗಳ ಬಾವಿಗಳು ಮಳೆಗಾಲದಲ್ಲಿಯೇ ಹೆಚ್ಚು ಕೆಡುವುದಕ್ಕೆ ಇದು ಮುಖ್ಯ ಕಾರಣ.

ಬೇಕಾಗುವ ಸಾಮಗ್ರಿ: ಉದ್ದದ ಅಳತೆ ಟೇಪು, ಗಾರೆ ಕೆಲಸದವರು ಬಳಸುವ ಪಾರದರ್ಶಕ ಲೆವೆಲ್ ಪೈಪು, ಒಂದು ಟಿಡಿಎಸ್ ಮೀಟರು (ನೀರಿನಲ್ಲಿ ಕರಗಿದ ಲವಣಗಳ ಒಟ್ಟು ಪ್ರಮಾಣವನ್ನು ತೋರಿಸುವ ಪೆನ್ನಿನಂತಹ ಸಾಧನ), ಒಂದು ನೋಟ್‌ಬುಕ್, ಮತ್ತು ಕೇರಿಯಲ್ಲಿ ಎಲ್ಲರೂ ಒಪ್ಪುವ ಇಬ್ಬರು ವ್ಯಕ್ತಿಗಳು.

ಹಂತ 1: ಕುಡಿಯುವ ನೀರಿಗೆ ಮೊದಲು ದಾರಿ ಮಾಡಿಕೊಳ್ಳಿ

ಪರೀಕ್ಷೆಯ ವರದಿ ಬರುವವರೆಗೆ ಸಂಶಯವಿರುವ ಬಾವಿಯ ನೀರನ್ನು ಕುಡಿಯಲು ಮತ್ತು ಅಡುಗೆಗೆ ಬಳಸಬೇಡಿ. ನಲ್ಲಿಯ ನೀರೋ ಟ್ಯಾಂಕರಿನ ನೀರೋ ಸಿಗದಿದ್ದರೆ, ತೊಂದರೆ ರೋಗಾಣುಗಳದ್ದೇ ಎಂದು ತೋರುವ ಸಂದರ್ಭದಲ್ಲಿ ಮಾತ್ರ, ನೀರನ್ನು ಕೊತಕೊತ ಕುದಿ ಬರಿಸಿ ಕನಿಷ್ಠ ಒಂದು ನಿಮಿಷ ಹಾಗೆಯೇ ಕುದಿಸಿ ಬಳಸಬಹುದು.

ಇಲ್ಲಿ ಸಾಮಾನ್ಯವಾಗಿ ಆಗುವ ತಪ್ಪು ಏನೆಂದರೆ, ಎಲ್ಲ ದೋಷಕ್ಕೂ ಕುದಿಸುವುದೇ ಮದ್ದು ಎಂದು ನಂಬುವುದು. ನೈಟ್ರೇಟ್, ಉಪ್ಪು, ಲೋಹ ಇವು ಕುದಿಸಿದರೆ ಹೋಗುವುದಿಲ್ಲ. ನೀರು ಆವಿಯಾಗುವುದರಿಂದ ಅವುಗಳ ಪ್ರಮಾಣ ಹೆಚ್ಚುತ್ತದೆ. ಆರು ತಿಂಗಳೊಳಗಿನ ಕೂಸಿಗೆ ಬಾಟಲಿ ಹಾಲು ಕಲಸುವ ಮನೆಯವರು ಇದನ್ನು ವಿಶೇಷವಾಗಿ ಗಮನಿಸಬೇಕು. ನೈಟ್ರೇಟ್ ಹೆಚ್ಚಿರುವ ನೀರು ಶಿಶುಗಳ ರಕ್ತ ಆಮ್ಲಜನಕವನ್ನು ಒಯ್ಯುವ ಶಕ್ತಿಯನ್ನು ಕುಗ್ಗಿಸುತ್ತದೆ. ತುಟಿ ಮತ್ತು ಉಗುರು ನೀಲಿಗಟ್ಟುತ್ತವೆ. ಅಂತಹ ಲಕ್ಷಣ ಕಂಡರೆ ನೀರಿನ ವಿಚಾರವನ್ನು ಆಮೇಲೆ ನೋಡಿ, ಮಗುವನ್ನು ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ.

ನೀರಿನಲ್ಲಿ ಪೆಟ್ರೋಲ್ ಅಥವಾ ಡೀಸೆಲ್ ವಾಸನೆ ಇದ್ದರೆ ಸ್ನಾನಕ್ಕೂ ಬಳಸಬೇಡಿ, ಪಂಪು ಚಾಲೂ ಮಾಡಬೇಡಿ, ಬಾವಿಯ ಹತ್ತಿರ ಬೆಂಕಿ ಹಚ್ಚಬೇಡಿ. ನಡುವಿನ ಹಂತಗಳಿಗೆ ಕಾಯದೆ ಎಂಟನೆಯ ಹಂತವನ್ನು ಓದಿ.

ಹಂತ 2: ಕೇರಿಯ ನಕ್ಷೆ ಬರೆಯಿರಿ

ಒಂದು ದೊಡ್ಡ ಹಾಳೆಯಲ್ಲಿ ರಸ್ತೆ, ಮನೆ, ಬಾವಿ, ಬೋರ್‌ವೆಲ್, ಸೆಪ್ಟಿಕ್ ಟ್ಯಾಂಕ್, ಇಂಗುಗುಂಡಿ, ಬಚ್ಚಲು ನೀರು ಹೋಗುವ ಜಾಗ, ಕೊಟ್ಟಿಗೆ, ಗೊಬ್ಬರಗುಂಡಿ, ಗ್ಯಾರೇಜು, ಪೆಟ್ರೋಲ್ ಬಂಕು, ಮೀನು ತೊಳೆಯುವ ಕಟ್ಟೆ, ಕಸ ಸುರಿಯುವ ಜಾಗ, ಹಳ್ಳ, ಗಜನಿ (ಉಪ್ಪುನೀರು ನುಗ್ಗುವ ತಗ್ಗು ಗದ್ದೆ) ಇವೆಲ್ಲವನ್ನೂ ಗುರುತಿಸಿ. ಒಳಚರಂಡಿ ಇರುವ ಬಡಾವಣೆಯಾದರೆ ಮೇನ್‌ಹೋಲುಗಳನ್ನೂ ಸೇರಿಸಿ, ಏಕೆಂದರೆ ಬಿರುಕುಬಿಟ್ಟ ಮೇನ್‌ಹೋಲು ಒಂದು ದೊಡ್ಡ ಇಂಗುಗುಂಡಿಗೆ ಸಮಾನ. ಘಟ್ಟದ ಮೇಲಿನವರು ಅಡಿಕೆ ಬೇಯಿಸಿದ ಚೊಗರನ್ನು ಎಲ್ಲಿ ಚೆಲ್ಲುತ್ತಾರೆ, ಬೋರ್ಡೋ ದ್ರಾವಣವನ್ನು (ಅಡಿಕೆಯ ಕೊಳೆರೋಗಕ್ಕೆ ಸಿಂಪಡಿಸುವ ಮೈಲುತುತ್ತ-ಸುಣ್ಣದ ದ್ರಾವಣ) ಎಲ್ಲಿ ಕಲಸುತ್ತಾರೆ ಎಂಬುದನ್ನೂ ಬರೆಯಬೇಕು. ಮೈಲುತುತ್ತ ಕಲಸಿದ ಪೀಪಾಯಿಯನ್ನು ಬಾವಿಕಟ್ಟೆಯ ಮೇಲೆಯೇ ತೊಳೆಯುವ ರೂಢಿ ಇನ್ನೂ ಇದೆ. ಅದು ಬಿಡಲೇಬೇಕಾದ ರೂಢಿ.

ಮನೆಮನೆಗೆ ಹೋಗಿ ಕೇಳುವಾಗ ‘ನಿಮ್ಮದು ಸೆಪ್ಟಿಕ್ ಟ್ಯಾಂಕೋ, ಗುಂಡಿಯೋ?’ ಎಂಬ ಪ್ರಶ್ನೆಗೆ ಬರುವ ಮೊದಲ ಉತ್ತರವನ್ನೇ ಕೊನೆಯದೆಂದು ತೆಗೆದುಕೊಳ್ಳಬೇಡಿ. ಸೆಪ್ಟಿಕ್ ಟ್ಯಾಂಕ್ ಎಂದರೆ ತಳವೂ ಗೋಡೆಯೂ ನೀರು ಸೋರದಂತೆ ಕಟ್ಟಿದ, ಒಳಗೆ ಅಡ್ಡಗೋಡೆ ಇರುವ ತೊಟ್ಟಿ; ಅದರಿಂದ ಹೊರಬರುವ ತಿಳಿ ಮಾತ್ರ ಇಂಗುಗುಂಡಿಗೆ ಹೋಗಬೇಕು. ನಮ್ಮಲ್ಲಿ ಹಳೆಯ ಮನೆಗಳ ಬಹಳಷ್ಟು ‘ಟ್ಯಾಂಕು’ಗಳು ಚಿರೇಕಲ್ಲು ಜೋಡಿಸಿ ತಳ ಬಿಟ್ಟ ಗುಂಡಿಗಳು. ನಾಲ್ಕೈದು ವರ್ಷ ಕಳೆದರೂ ತುಂಬುವುದೇ ಇಲ್ಲ ಎಂದು ಯಾರಾದರೂ ಸಂತೋಷದಿಂದ ಹೇಳಿದರೆ, ಆ ಗುಂಡಿಯ ಸುತ್ತ ಒಂದು ಗುರುತು ಹಾಕಿ: ಅದರೊಳಗಿನದ್ದು ನೆಲಕ್ಕೆ ಹೋಗುತ್ತಿದೆ ಎಂದೇ ಅರ್ಥ. ಆದರೆ ಇದು ತಪ್ಪಿತಸ್ಥರನ್ನು ಹುಡುಕುವ ಕೆಲಸವಲ್ಲ ಎಂಬುದನ್ನು ಮೊದಲ ದಿನವೇ ಎಲ್ಲರಿಗೂ ಹೇಳಿಬಿಡಿ. ಜಗಳ ಎದ್ದರೆ ಗುಂಡಿಗಳ ಜಾಗ ಗುಟ್ಟಾಗುತ್ತದೆ, ನಕ್ಷೆ ಅಲ್ಲಿಗೇ ನಿಲ್ಲುತ್ತದೆ.

ಹಂತ 3: ಮಾದರಿ ತೆಗೆದು ಪರೀಕ್ಷೆಗೆ ಕೊಡಿ

ಹಳ್ಳಿಯವರು ಮೊದಲು ಗ್ರಾಮ ಪಂಚಾಯತಿಗೆ ಹೋಗಿ. ಜಲ ಜೀವನ ಮಿಷನ್ ಅಡಿಯಲ್ಲಿ ಪಂಚಾಯತಿಗಳಿಗೆ ಕ್ಷೇತ್ರ ಪರೀಕ್ಷಾ ಕಿಟ್‌ಗಳನ್ನು ಕೊಟ್ಟು, ಊರಿನ ಮಹಿಳೆಯರಿಗೆ ಅದನ್ನು ಬಳಸುವ ತರಬೇತಿ ನೀಡಲಾಗಿದೆ. ಕಿಟ್‌ನ ಫಲಿತಾಂಶ ಸಂಶಯ ಹುಟ್ಟಿಸಿದರೆ ಗ್ರಾಮೀಣ ಕುಡಿಯುವ ನೀರು ಮತ್ತು ನೈರ್ಮಲ್ಯ ಇಲಾಖೆಯ ಪ್ರಯೋಗಾಲಯಕ್ಕೆ ಮಾದರಿ ಕಳುಹಿಸಬೇಕು. ಪಟ್ಟಣದವರು ನಗರಸಭೆ ಅಥವಾ ಪುರಸಭೆಯ ಆರೋಗ್ಯ ಶಾಖೆಯಲ್ಲಿ ವಿಚಾರಿಸಬೇಕು. ಎಲ್ಲಿಗೇ ಕೊಟ್ಟರೂ ಬರಹದಲ್ಲಿ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಮುಂದೆ ಅದು ಬೇಕಾಗುತ್ತದೆ.

ರೋಗಾಣು ಪರೀಕ್ಷೆಗೆ ಪ್ರಯೋಗಾಲಯವೇ ಕೊಡುವ ಕ್ರಿಮಿಶುದ್ಧ ಬಾಟಲಿಯನ್ನೇ ಬಳಸಿ. ಅದನ್ನು ತೊಳೆಯಬಾರದು, ಮುಚ್ಚಳದ ಒಳಭಾಗವನ್ನು ಮುಟ್ಟಬಾರದು, ಪೂರ್ತಿ ತುಂಬದೆ ಸ್ವಲ್ಪ ಜಾಗ ಬಿಡಬೇಕು, ಮಂಜುಗಡ್ಡೆ ಹಾಕಿದ ಪೆಟ್ಟಿಗೆಯಲ್ಲಿಟ್ಟು ಸಾಧ್ಯವಾದರೆ 6 ಗಂಟೆಯೊಳಗೆ, ತಡವಾದರೂ 24 ಗಂಟೆಯೊಳಗೆ ತಲುಪಿಸಬೇಕು. ರಾಸಾಯನಿಕ ಪರೀಕ್ಷೆಗಾದರೆ ಸ್ವಚ್ಛವಾದ ಪ್ಲಾಸ್ಟಿಕ್ ಕ್ಯಾನನ್ನು ಅದೇ ಬಾವಿಯ ನೀರಿನಿಂದ ಮೂರು ಸಲ ಗಲಬರಿಸಿ ಎರಡು ಲೀಟರ್ ತುಂಬಿ. ಪೆಟ್ರೋಲಿಯಂ ಪರೀಕ್ಷೆಗೆ ಪ್ಲಾಸ್ಟಿಕ್ ನಡೆಯುವುದಿಲ್ಲ. ಗಾಜಿನ ಬಾಟಲಿಯನ್ನು ಗಾಳಿಯ ಗುಳ್ಳೆ ಉಳಿಯದಂತೆ ಬಾಯಿಮಟ್ಟ ತುಂಬಬೇಕು.

ಒಂದೇ ಬಾವಿಯ ಮಾದರಿ ಸಾಲದು. ಕೆಟ್ಟಿರುವ ಬಾವಿ, ಅದರ ಮೇಲ್ಭಾಗದ ಒಂದು ಬಾವಿ, ಕೆಳಭಾಗದ ಒಂದು ಬಾವಿ, ಹಾಗೆಯೇ ಯಾರಿಂದಲೂ ದೂರು ಬಾರದ, ಚೆನ್ನಾಗಿದೆ ಎನ್ನುವ ಒಂದು ಬಾವಿ, ಹೀಗೆ ನಾಲ್ಕನ್ನಾದರೂ ಒಂದೇ ದಿನ ಪರೀಕ್ಷಿಸಿ. ಹಣ ಉಳಿಸಬೇಕಿದ್ದರೆ ಪರೀಕ್ಷಿಸುವ ಅಂಶಗಳನ್ನು ಕಡಿಮೆ ಮಾಡಿ, ಬಾವಿಗಳ ಸಂಖ್ಯೆಯನ್ನು ಕಡಿಮೆ ಮಾಡಬೇಡಿ.

ಇನ್ನೊಂದು ಎಚ್ಚರಿಕೆ: ಮಾದರಿ ತೆಗೆಯುವ ಮುನ್ನಾದಿನ ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕಿರಬಾರದು. ಹಾಕಿದ್ದರೆ ಒಂದು ವಾರ ಬಿಟ್ಟು ತೆಗೆಯಿರಿ. ಇಲ್ಲವಾದರೆ ವರದಿಯಲ್ಲಿ ಎಲ್ಲವೂ ಸರಿಯಿದೆ ಎಂದು ಬಂದು ನೀವು ಮೋಸ ಹೋಗುತ್ತೀರಿ.

ಹಂತ 4: ವರದಿಯನ್ನು ಓದಿ

ಕುಡಿಯುವ ನೀರಿಗೆ ನಮ್ಮ ದೇಶದ ಮಾನದಂಡ ಐಎಸ್ 10500, 2012. ಅದರ ಪ್ರಕಾರ 100 ಮಿ.ಲೀ. ನೀರಿನಲ್ಲಿ ಇ-ಕೊಲೈ ಒಂದೂ ಕಾಣಬಾರದು. ಇ-ಕೊಲೈ ಎಂದರೆ ಮನುಷ್ಯರ ಮತ್ತು ಪ್ರಾಣಿಗಳ ಕರುಳಿನಲ್ಲಿರುವ ಬ್ಯಾಕ್ಟೀರಿಯಾ. ಅದು ಸಿಕ್ಕಿತೆಂದರೆ ಮಲ ಸೇರಿದೆ ಎಂದೇ ಅರ್ಥ. ನೈಟ್ರೇಟ್ ಲೀಟರಿಗೆ 45 ಮಿ.ಗ್ರಾಂ ಮೀರಬಾರದು, ಇದರಲ್ಲಿ ಯಾವ ಸಡಿಲಿಕೆಯೂ ಇಲ್ಲ. ಕ್ಲೋರೈಡ್ 250 ಮಿ.ಗ್ರಾಂ ಇರಬಹುದು, ಬೇರೆ ನೀರಿನ ಮೂಲವೇ ಇಲ್ಲದ ಕಡೆ 1000ದವರೆಗೆ. ಟಿಡಿಎಸ್ 500, ಅನಿವಾರ್ಯವಾದರೆ 2000. ಪಿಎಚ್ (ನೀರು ಎಷ್ಟು ಆಮ್ಲ, ಎಷ್ಟು ಕ್ಷಾರ ಎಂಬುದರ ಅಳತೆ) 6.5ರಿಂದ 8.5ರ ನಡುವೆ ಇರಬೇಕು. ಚಿರೇಕಲ್ಲಿನ ನೆಲದ ಬಾವಿಗಳಲ್ಲಿ ಸಹಜವಾಗಿಯೇ ಇದಕ್ಕಿಂತ ಸ್ವಲ್ಪ ಕಡಿಮೆ ಬರುವುದುಂಟು, ಅದೊಂದನ್ನೇ ನೋಡಿ ಗಾಬರಿಯಾಗಬೇಕಿಲ್ಲ.

ಬಿಡಿ ಅಂಕಿಗಿಂತ ಯಾವುದರ ಜೊತೆ ಯಾವುದು ಏರಿದೆ ಎಂಬುದು ಹೆಚ್ಚು ಹೇಳುತ್ತದೆ. ಇ-ಕೊಲೈ, ನೈಟ್ರೇಟ್, ಕ್ಲೋರೈಡ್ ಮೂರೂ ಒಟ್ಟಿಗೆ ಏರಿದ್ದರೆ ಶೌಚದ ನೀರು ಅಥವಾ ಕೊಟ್ಟಿಗೆಯ ನೀರು ಬರುತ್ತಿದೆ. ನೈಟ್ರೇಟ್ ಏರಿ ಇ-ಕೊಲೈ ಇಲ್ಲದಿದ್ದರೆ ಹೊಲಸಿನ ಮೂಲ ದೂರದಲ್ಲಿದೆ, ಅಥವಾ ತೋಟದ ಗೊಬ್ಬರದ್ದಿರಬಹುದು. ಕ್ಲೋರೈಡ್ ಮತ್ತು ಟಿಡಿಎಸ್ ಮಾತ್ರ ಏರಿ ನೈಟ್ರೇಟ್ ಕಡಿಮೆಯಿದ್ದರೆ, ಅದೂ ಏಪ್ರಿಲ್-ಮೇ ತಿಂಗಳಲ್ಲಿ ಏರಿದ್ದರೆ, ಉಪ್ಪುನೀರು ಒಳಬರುತ್ತಿದೆ. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ನದಿಗಳ ಅಳಿವೆಯ ದಡದಲ್ಲಿಯೂ ಗಜನಿಯ ಅಂಚಿನಲ್ಲಿಯೂ ಇರುವ ಮನೆಗಳಲ್ಲಿ ಇದು ಸಾಮಾನ್ಯ. ಸಿಹಿನೀರು ಉಪ್ಪುನೀರಿಗಿಂತ ಹಗುರವಾದ್ದರಿಂದ ಅದರ ಮೇಲೆ ತೇಲಿಕೊಂಡಿರುತ್ತದೆ. ಸಮುದ್ರಮಟ್ಟಕ್ಕಿಂತ ಒಂದು ಮೀಟರ್ ಮೇಲಿರುವ ಸಿಹಿನೀರಿನ ಕೆಳಗೆ ಸುಮಾರು 40 ಮೀಟರ್‌ವರೆಗೆ ಸಿಹಿನೀರೇ ಇರುತ್ತದೆ ಎಂಬುದು ಲೆಕ್ಕ. ಪಂಪು ಹಚ್ಚಿ ಮೇಲಿನದ್ದನ್ನು ಅರ್ಧ ಮೀಟರ್ ಇಳಿಸಿದರೆ ಕೆಳಗಿನಿಂದ 20 ಮೀಟರ್ ಉಪ್ಪು ಮೇಲೇರಲು ದಾರಿಯಾಗುತ್ತದೆ. ಈ ದೋಷಕ್ಕೆ ಬ್ಲೀಚಿಂಗ್ ಪೌಡರಿನಿಂದ ಏನೂ ಆಗದು. ಎತ್ತುವ ನೀರನ್ನು ಕಡಿಮೆ ಮಾಡಿ, ಮಳೆನೀರು ಇಂಗಿಸುವುದೊಂದೇ ದಾರಿ.

ನೀರಿನ ಮೇಲೆ ಕಾಮನಬಿಲ್ಲಿನ ಬಣ್ಣದ ತೆಳುಪರೆ ಕಂಡು ‘ಆಯಿಲ್ ಬಂದಿದೆ’ ಎಂದು ಹೆದರಿದವರ ಪ್ರಶ್ನೆಗಳು ಬಹಳ ಬರುತ್ತವೆ. ಒಂದು ಕೊಡಪಾನ ನೀರನ್ನು ಎತ್ತಿ ಅಗಲ ಪಾತ್ರೆಗೆ ಸುರಿದು, ಪರೆ ಮತ್ತೆ ಕಟ್ಟುವವರೆಗೆ ಅಲುಗಾಡಿಸದೆ ಬಿಡಿ. ಆಮೇಲೆ ಹಿಡಿಕಡ್ಡಿಯಿಂದ ಪರೆಯನ್ನು ಮೆಲ್ಲಗೆ ಗೀರಿ ನೋಡಿ. ಒಣಗಿದ ಕೆನೆ ಒಡೆದಂತೆ ಚೂರುಚೂರಾಗಿ, ಮೂಲೆಗಳು ಹರಿತವಾಗಿ ಉಳಿದು, ಚೂರುಗಳು ಮತ್ತೆ ಕೂಡದಿದ್ದರೆ ಅದು ಕಬ್ಬಿಣದ ಬ್ಯಾಕ್ಟೀರಿಯಾ ಕಟ್ಟಿದ ಪರೆ. ಕೆಮ್ಮಣ್ಣಿನ ನೆಲದಲ್ಲಿ ಅದು ಸಹಜ, ಬಾವಿಯ ಗೋಡೆಯಲ್ಲಿ ಕೇಸರಿ ಲೋಳೆಯೂ ಕಾಣುತ್ತದೆ. ಕಡ್ಡಿ ತೆಗೆದ ಕೂಡಲೇ ಪರೆ ಸುರುಳಿಯಾಗಿ ಹರಿದು ಮತ್ತೆ ಒಂದಾದರೆ ಮತ್ತು ವಾಸನೆಯೂ ಇದ್ದರೆ ಅದು ಎಣ್ಣೆಯೇ.

ಹಂತ 5: ನೆಲದಡಿಯ ನೀರು ಯಾವ ಕಡೆಗೆ ಹರಿಯುತ್ತಿದೆ ಎಂದು ಅಳೆಯಿರಿ

ಬಹುತೇಕ ಕೇರಿಗಳು ಈ ಹಂತವನ್ನು ಬಿಟ್ಟುಬಿಡುತ್ತವೆ. ನನ್ನ ತಿಳಿವಿನಂತೆ ಉಳಿದೆಲ್ಲ ಖರ್ಚು ವ್ಯರ್ಥವಾಗುವುದು ಇದನ್ನು ಬಿಟ್ಟಿದ್ದರಿಂದಲೇ. ಇದಕ್ಕೆ ತಗಲುವುದು ಒಂದು ಬೆಳಗು ಮಾತ್ರ.

ಪಂಪು ಯಾರೂ ಹಚ್ಚುವ ಮೊದಲು, ಬೆಳಗಿನ ಜಾವ, ಒಂದೇ ಗಂಟೆಯೊಳಗೆ ಎಲ್ಲ ಬಾವಿಗಳ ನೀರಿನ ಮಟ್ಟ ಅಳೆಯಿರಿ. ಟೇಪಿನ ತುದಿಗೆ ಒಂದು ಬೋಲ್ಟು ಕಟ್ಟಿ ಇಳಿಬಿಟ್ಟು, ಅದು ನೀರಿಗೆ ತಾಗಿ ಟಪ್ ಎಂದ ಕ್ಷಣ ಬಾವಿಕಟ್ಟೆಯ ಅಂಚಿನಲ್ಲಿ ಅಳತೆ ಓದಬೇಕು. ಮೂರು ಸಲ ಓದಿ ಹೊಂದಿಕೆಯಾದುದನ್ನು ಬರೆದುಕೊಳ್ಳಿ. ಅಳಿವೆಯ ಹತ್ತಿರದವರು ಭರತ ಇಳಿತಗಳನ್ನು ಗಮನಿಸಿ, ಪ್ರತಿ ಸಲವೂ ಇಳಿತದ ಹೊತ್ತಿನಲ್ಲಿಯೇ ಅಳೆಯಬೇಕು.

ಇಷ್ಟರಿಂದಲೇ ತೀರ್ಮಾನಕ್ಕೆ ಬರಬೇಡಿ, ಏಕೆಂದರೆ ಬಾವಿಕಟ್ಟೆಗಳು ಒಂದೇ ಎತ್ತರದಲ್ಲಿರುವುದಿಲ್ಲ. ಲೆವೆಲ್ ಪೈಪಿನಲ್ಲಿ ನೀರು ತುಂಬಿ, ಒಂದು ಕಟ್ಟೆಯಿಂದ ಇನ್ನೊಂದಕ್ಕೆ ಎತ್ತರದ ವ್ಯತ್ಯಾಸ ಹಿಡಿಯಿರಿ. ಗಾರೆಯವರೊಬ್ಬರು ಜೊತೆಗಿದ್ದರೆ ಸುಲಭ. ಒಂದು ಉದಾಹರಣೆ ನೋಡೋಣ. ಮೊದಲ ಬಾವಿಯ ಕಟ್ಟೆಯನ್ನು ಸೊನ್ನೆ ಎಂದಿಟ್ಟುಕೊಳ್ಳಿ, ಅಲ್ಲಿಂದ ನೀರು 4.20 ಮೀಟರ್ ಕೆಳಗಿದೆ. ಎರಡನೆಯ ಬಾವಿಯ ಕಟ್ಟೆ ಮೊದಲನೆಯದಕ್ಕಿಂತ 0.35 ಮೀಟರ್ ತಗ್ಗಿನಲ್ಲಿದ್ದು, ನೀರು ಅದರ ಕಟ್ಟೆಯಿಂದ 4.05 ಮೀಟರ್ ಕೆಳಗಿದ್ದರೆ, ನಿಜವಾದ ಮಟ್ಟ 4.40 ಆಯಿತು. ಮೂರನೆಯದರ ಕಟ್ಟೆ 0.60 ಮೀಟರ್ ಎತ್ತರದಲ್ಲಿದ್ದು ನೀರು 4.70 ಮೀಟರ್ ಕೆಳಗಿದ್ದರೆ ನಿಜವಾದ ಮಟ್ಟ 4.10. ಕಟ್ಟೆಯಿಂದ ಬಗ್ಗಿ ನೋಡಿದವರಿಗೆ ಎರಡನೆಯ ಬಾವಿಯ ನೀರೇ ಎಲ್ಲಕ್ಕಿಂತ ಮೇಲಿದ್ದಂತೆ ಕಾಣುತ್ತದೆ. ಆದರೆ ಲೆಕ್ಕದ ಪ್ರಕಾರ ಅದರ ನೀರೇ ಎಲ್ಲಕ್ಕಿಂತ ಕೆಳಗಿದೆ. ಅಂದರೆ ನೆಲದಡಿಯ ನೀರು ಮೂರನೆಯ ಬಾವಿಯ ಕಡೆಯಿಂದ ಎರಡನೆಯದರ ಕಡೆಗೆ ಇಳಿಯುತ್ತಿದೆ. ಈ ಮಟ್ಟಗಳನ್ನು ನಕ್ಷೆಯಲ್ಲಿ ಬರೆದು, ಎತ್ತರದಿಂದ ತಗ್ಗಿಗೆ ಬಾಣ ಎಳೆಯಿರಿ. ಕೆಟ್ಟ ಬಾವಿಯಿಂದ ಬಾಣದ ಎದುರು ದಿಕ್ಕಿಗೆ ನಡೆದಾಗ ಸಿಗುವ ಗುಂಡಿಗಳನ್ನು ಮೊದಲು ನೋಡಬೇಕು.

ಕರಾವಳಿಯ ಒಂದು ಕೇರಿಯಲ್ಲಿ ಇದನ್ನು ಅಳೆದ ದಿನ, ಮೂರು ವರ್ಷ ನೆರೆಮನೆಯ ಗುಂಡಿಯ ಮೇಲಿದ್ದ ಸಂಶಯ ತಪ್ಪೆಂದು ತಿಳಿಯಿತು. ಆ ಗುಂಡಿ ಬಾವಿಯ ಕೆಳಭಾಗದಲ್ಲಿತ್ತು. ಹೊಲಸು ಬರುತ್ತಿದ್ದುದು ರಸ್ತೆಯಾಚೆಯ, ಎಲ್ಲರೂ ಮರೆತಿದ್ದ ಹಳೆಯ ಗುಂಡಿಯಿಂದ.

ದಿಕ್ಕು ವರ್ಷವಿಡೀ ಒಂದೇ ಆಗಿರುತ್ತದೆಂಬ ಭರವಸೆ ಬೇಡ. ಮೇ ತಿಂಗಳಲ್ಲಿ ಒಮ್ಮೆ, ಆಗಸ್ಟ್‌ನಲ್ಲಿ ಒಮ್ಮೆ ಅಳೆಯಿರಿ. ಹಗಲಿಡೀ ಪಂಪು ನಡೆಯುವ ಬಾವಿ ತನ್ನ ಸುತ್ತಲಿನ ನೀರನ್ನು ತನ್ನತ್ತ ಎಳೆದುಕೊಳ್ಳುತ್ತದೆ, ಆಗ ಕೆಳಭಾಗದ ಗುಂಡಿಯ ನೀರೂ ಹಿಂದಕ್ಕೆ ಬರಬಹುದು.

ಹಂತ 6: ಮೂಲವನ್ನು ತಡೆಯಿರಿ

ಇಂಗುಗುಂಡಿ ಮತ್ತು ಕುಡಿಯುವ ನೀರಿನ ಬಾವಿಯ ನಡುವೆ ಕನಿಷ್ಠ 18 ಮೀಟರ್, ಅಂದರೆ ಸುಮಾರು 60 ಅಡಿ ಅಂತರವಿರಬೇಕೆಂದು ಸೆಪ್ಟಿಕ್ ಟ್ಯಾಂಕ್‌ಗಳ ಭಾರತೀಯ ಮಾನದಂಡ ಐಎಸ್ 2470 ಹೇಳುತ್ತದೆ. ರಂಧ್ರಗಳಿರುವ ಚಿರೇಕಲ್ಲಿನಲ್ಲಿ ಅದೂ ಸಾಲದೆ ಹೋಗಬಹುದು. ಎರಡು-ಮೂರು ಗುಂಟೆಯ ಜಾಗದಲ್ಲಿ ಮನೆ ಕಟ್ಟಿಕೊಂಡವರಿಗೆ 60 ಅಡಿ ಎಲ್ಲಿಂದ ತರುವುದೆಂಬ ಪ್ರಶ್ನೆ ಬರುತ್ತದೆ, ಅದು ನ್ಯಾಯವಾದ ಪ್ರಶ್ನೆ. ಉತ್ತರ ಅಡಗಿರುವುದು ಆಳದಲ್ಲಿ. ಹೊಲಸನ್ನು ನಿಜವಾಗಿ ಶುದ್ಧ ಮಾಡುವುದು ಗುಂಡಿಯ ತಳಕ್ಕೂ ಅಂತರ್ಜಲಕ್ಕೂ ನಡುವೆ ಇರುವ ಒಣ ಮಣ್ಣಿನ ಪದರ. ಗಾಳಿಯಾಡುವ ಆ ಮಣ್ಣಿನಲ್ಲಿ ರೋಗಾಣುಗಳು ಸಿಕ್ಕಿಕೊಂಡು ಸಾಯುತ್ತವೆ. ಮಳೆಗಾಲದ ಮಟ್ಟಕ್ಕಿಂತ ಎರಡು ಮೀಟರ್ ಮೇಲೆ ಗುಂಡಿಯ ತಳ ಇರುವಂತೆ ನೋಡಿಕೊಳ್ಳಬೇಕು. ನಮ್ಮಲ್ಲಿ ‘ಆಳವಾಗಿ ತೋಡಿದಷ್ಟೂ ಒಳ್ಳೆಯದು’ ಎಂದು 15 ಅಡಿ ಗುಂಡಿ ತೋಡುತ್ತಾರೆ. ಇದು ಅತಿ ದೊಡ್ಡ ತಪ್ಪು. ಮಲವನ್ನು ನೇರವಾಗಿ ಬಾವಿಯ ನೀರಿಗೆ ಒಯ್ದು ಬಿಟ್ಟಂತೆ.

ಹಾಗಾದರೆ ಮಾಡಬೇಕಾದುದು: ಮೊದಲು ತಳವಿಲ್ಲದ ಗುಂಡಿಯನ್ನು ಯಂತ್ರದಿಂದ ಖಾಲಿ ಮಾಡಿಸಿ, ತಳಕ್ಕೆ ಕಾಂಕ್ರೀಟು ಮತ್ತು ಗೋಡೆಗೆ ಸಿಮೆಂಟು ಗಾರೆ ಹಾಕಿಸಿ, ಸೋರದ ತೊಟ್ಟಿಯನ್ನಾಗಿ ಮಾಡಿ. ಗಾರೆ ಒಣಗಿದ ಮೇಲೆ ನೀರು ತುಂಬಿ ಒಂದು ಗೆರೆ ಎಳೆದು 24 ಗಂಟೆ ಬಿಟ್ಟು ನೋಡಿ. ಗೆರೆ ಇಳಿದರೆ ಮತ್ತೆ ಗಾರೆ ಬೇಕು. ತೊಟ್ಟಿಯ ತಿಳಿಯನ್ನು ಬಿಡಲು ಬಾಣದ ದಿಕ್ಕಿನಲ್ಲಿ ಬಾವಿಯಿಂದ ಕೆಳಭಾಗದಲ್ಲಿ, ಆಳವಿಲ್ಲದ, ಅಗಲವಾದ ಹೊಯಿಗೆಯ ಹಾಸು ಮಾಡಿ. ನೀರಿನ ಮಟ್ಟ ತೀರ ಮೇಲಿರುವ ಗಜನಿಯ ಅಂಚಿನವರು ಆ ಹಾಸನ್ನು ನೆಲದ ಮೇಲೆಯೇ ದಿಬ್ಬದಂತೆ ಏರಿಸಿ, ಮೇಲೆ ಕೆಸು, ಬಾಳೆಗಳನ್ನು ನೆಡಬಹುದು. ಎರಡು ಗುಂಡಿಯ ಶೌಚಾಲಯ ಇರುವಲ್ಲಿ ಗುಂಡಿಯ ತಳವನ್ನು ಮುಚ್ಚಿಸಿ, ಸುತ್ತ 50 ಸೆಂ.ಮೀ. ದಪ್ಪಕ್ಕೆ ಸಣ್ಣ ಹೊಯಿಗೆ ತುಂಬಿಸಬೇಕು. ಮೂರು-ನಾಲ್ಕು ಮನೆಯವರು ಸೇರಿ ಕೆಳಭಾಗದಲ್ಲಿ ಒಂದೇ ತೊಟ್ಟಿ ಕಟ್ಟಿಕೊಳ್ಳುವುದು ಇಕ್ಕಟ್ಟಿನ ಕೇರಿಗಳಿಗೆ ಇವೆಲ್ಲಕ್ಕಿಂತ ಒಳ್ಳೆಯ ಪರಿಹಾರವೆಂದು ನನಗೆ ಅನ್ನಿಸುತ್ತದೆ. ತೊಟ್ಟಿಯ ಹೂಳನ್ನು ಎರಡು-ಮೂರು ವರ್ಷಕ್ಕೊಮ್ಮೆ ತೆಗೆಸಲೇಬೇಕು.

ಹೊಲಸು ಅಥವಾ ಹೂಳು ತೆಗೆಯಲು ಗುಂಡಿಗೆ ಅಥವಾ ತೊಟ್ಟಿಗೆ ಮನುಷ್ಯರನ್ನು ಯಾವ ಕಾರಣಕ್ಕೂ ಇಳಿಸಬೇಡಿ. ಮಲ ಬಾಚುವ ಪದ್ಧತಿಯನ್ನು ತಡೆಯುವ 2013ರ ಕಾಯ್ದೆ ಅದನ್ನು ನಿಷೇಧಿಸಿದೆ, ಅದಕ್ಕಿಂತ ಮುಖ್ಯವಾಗಿ ಒಳಗಿನ ಗಾಳಿ ಕ್ಷಣಮಾತ್ರದಲ್ಲಿ ಜೀವ ತೆಗೆಯುತ್ತದೆ.

ಕೊಟ್ಟಿಗೆಯ ನೆಲಕ್ಕೆ ಗಾರೆ ಹಾಕಿ ಗೋಮೂತ್ರವನ್ನು ತೊಟ್ಟಿಗೆ ಹಿಡಿಯುವುದು, ಗೊಬ್ಬರಗುಂಡಿಗೆ ಮಾಡು ಕಟ್ಟುವುದು, ಚೊಗರನ್ನು ಬಾವಿಯ ಕೆಳಭಾಗಕ್ಕೆ ಒಯ್ದು ಚೆಲ್ಲುವುದು, ಇವು ಕಡಿಮೆ ಖರ್ಚಿನ ಕೆಲಸಗಳು. ಈ ಹಂತದ ಕೆಲಸವನ್ನೆಲ್ಲ ಮಾರ್ಚ್‌ನಿಂದ ಮೇ ಒಳಗೆ ಮುಗಿಸಬೇಕು. ಮೃಗಶಿರಾ ಮಳೆ ಹಿಡಿದ ಮೇಲೆ ತೋಡಿದ ಗುಂಡಿಯಲ್ಲಿ ನೀರೇ ನಿಲ್ಲುತ್ತದೆ.

ಹಂತ 7: ಬಾವಿಯನ್ನು ಶುದ್ಧಗೊಳಿಸಿ

ಮೂಲ ತಡೆದ ನಂತರ ಬಾವಿಯ ಸರದಿ. ಹೊಯಿಗೆ ನೆಲದ ರಿಂಗು ಬಾವಿಯನ್ನು ಒಮ್ಮೆಲೇ ಪೂರ್ತಿ ಬತ್ತಿಸಬೇಡಿ. ಹೊರಗಿನ ನೀರಿನ ಒತ್ತಡಕ್ಕೆ ತಳದಿಂದ ಹೊಯಿಗೆ ಉಕ್ಕಿ ರಿಂಗುಗಳು ಕುಸಿಯುತ್ತವೆ. ಮಳೆಗಾಲದಲ್ಲಂತೂ ಈ ಕೆಲಸ ಬೇಡ. ಹೂಳೆತ್ತಲು ಇಳಿಯುವವರಿಗೆ ಹಗ್ಗ, ಮೇಲೆ ಇಬ್ಬರು ಕಾವಲು, ಒಳಗೆ ಗಾಳಿ ಹಾಯಿಸುವ ವ್ಯವಸ್ಥೆ ಇರಲೇಬೇಕು. ಡೀಸೆಲ್ ಅಥವಾ ಸೀಮೆಎಣ್ಣೆ ಪಂಪನ್ನು ಬಾವಿಯೊಳಗೆ ಇಳಿಸಿ ನಡೆಸಬಾರದು, ಅದರ ಹೊಗೆ ವಿಷ. ದೀಪ ಇಳಿಸಿ ನೋಡುವ ಹಳೆಯ ಪದ್ಧತಿಯನ್ನೊಂದೇ ನಂಬುವಂತಿಲ್ಲ. ದೀಪ ಉರಿಯುತ್ತಿದ್ದರೂ ವಿಷಗಾಳಿ ಇರಬಹುದು, ಎಣ್ಣೆಯ ವಾಸನೆಯಿರುವ ಬಾವಿಯಲ್ಲಿ ದೀಪವೇ ಸ್ಫೋಟಕ್ಕೆ ಕಾರಣವಾಗುತ್ತದೆ.

ಈಗ ಲೆಕ್ಕ. ದುಂಡು ಬಾವಿಯ ವ್ಯಾಸವನ್ನು ಅಡಿಯಲ್ಲಿ ಅಳೆದು, ಅದನ್ನು ಅದರಿಂದಲೇ ಗುಣಿಸಿ, ನೀರಿನ ಆಳದಿಂದ (ಅಡಿಯಲ್ಲಿ) ಗುಣಿಸಿ, ಬಂದುದನ್ನು 22ರಿಂದ ಗುಣಿಸಿದರೆ ಲೀಟರುಗಳು ಸಿಗುತ್ತವೆ. 7 ಅಡಿ ವ್ಯಾಸ, 10 ಅಡಿ ನೀರು ಇದ್ದರೆ 7×7×10×22, ಅಂದರೆ ಸುಮಾರು 11,000 ಲೀಟರ್. ಮೊದಲ ಸಲದ ಬಲವಾದ ಶುದ್ಧೀಕರಣಕ್ಕೆ 1000 ಲೀಟರಿಗೆ 150 ಗ್ರಾಂ ತಾಜಾ ಬ್ಲೀಚಿಂಗ್ ಪೌಡರ್ ಬೇಕು. ಈ ಬಾವಿಗೆ 1.65 ಕಿಲೋ. ಆಮೇಲಿನ ನಿತ್ಯದ ಬಳಕೆಗೆ 1000 ಲೀಟರಿಗೆ 2.5 ಗ್ರಾಂ ಸಾಕು. ಈ ಬಾವಿಗೆ 27ರಿಂದ 28 ಗ್ರಾಂ. ತಾಜಾ ಪೌಡರಿನಲ್ಲಿ ಸುಮಾರು 33 ಶೇಕಡಾ ಕ್ಲೋರಿನ್ ಇರುತ್ತದೆ. ಬಾಯಿ ಬಿಚ್ಚಿ ಮೂಲೆಯಲ್ಲಿಟ್ಟ, ಗಂಟುಗಟ್ಟಿದ, ಘಾಟು ಇಲ್ಲದ ಪೌಡರ್ ಬರಿಯ ಸುಣ್ಣವಾಗಿರುತ್ತದೆ. ನಮ್ಮ ಕರಾವಳಿಯ ತೇವದಲ್ಲಿ ಅದು ಬೇಗ ಕೆಡುತ್ತದೆ.

ಪೌಡರನ್ನು ನೇರವಾಗಿ ಬಾವಿಗೆ ಎರಚಬೇಡಿ. ಪ್ಲಾಸ್ಟಿಕ್ ಬಕೆಟಿನಲ್ಲಿ ಸ್ವಲ್ಪ ನೀರು ಹಾಕಿ ಗಂಜಿಯಂತೆ ಕಲಸಿ, ಮುಕ್ಕಾಲು ಬಕೆಟ್ ನೀರು ತುಂಬಿ ಕಲಕಿ, 10 ನಿಮಿಷ ಸುಣ್ಣ ಕೂರಲು ಬಿಡಿ. ಮೇಲಿನ ತಿಳಿಯನ್ನು ಇನ್ನೊಂದು ಬಕೆಟಿಗೆ ಬಗ್ಗಿಸಿ, ಹಗ್ಗ ಕಟ್ಟಿ ನೀರಿನ ತಳಕ್ಕೆ ಇಳಿಸಿ, ಮೇಲೆ ಕೆಳಗೆ ಆಡಿಸಿ ಬೆರೆಸಿ. ಪ್ರಮಾಣ ಹೆಚ್ಚಿದ್ದರೆ ಇದನ್ನು ಹಲವು ಬಕೆಟುಗಳಲ್ಲಿ ಮಾಡಿ. ಬಾವಿಯ ಒಳಗೋಡೆಯನ್ನೂ ಇದೇ ತಿಳಿಯಿಂದ ತೊಳೆಯಿರಿ. ಕೆಲಸವನ್ನು ಗಾಳಿಯಾಡುವಲ್ಲಿ, ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಂಡು ಮಾಡಿ. ಫಿನಾಯಿಲ್ ಅಥವಾ ಆ್ಯಸಿಡ್ ಇದಕ್ಕೆ ಎಂದೂ ಬೆರೆಸಬೇಡಿ, ವಿಷಗಾಳಿ ಏಳುತ್ತದೆ. ಬಲವಾದ ಪ್ರಮಾಣ ಹಾಕಿದ ಮೇಲೆ 12 ಗಂಟೆ ಯಾರೂ ನೀರೆತ್ತದಂತೆ ನೋಡಿಕೊಂಡು, ಆಮೇಲೆ ಘಾಟು ಹೋಗುವವರೆಗೆ ನೀರನ್ನು ಹೊರಗೆ ಹಾಕಿ. ಆ ನೀರನ್ನು ಹಳ್ಳಕ್ಕೆ ಬಿಟ್ಟರೆ ಮೀನು ಸಾಯುತ್ತದೆ. ಬಯಲಿನಲ್ಲಿ ನಿಲ್ಲಿಸಿ ಇಂಗಿಸಿ. ನಿತ್ಯದ ಪ್ರಮಾಣ ಹಾಕಿದಾಗ ಕನಿಷ್ಠ ಒಂದು ಗಂಟೆ ಬಿಟ್ಟು ಬಳಸಬಹುದು. ಆರೋಗ್ಯ ಸಹಾಯಕರ ಬಳಿ ಇರುವ ಕ್ಲೋರೋಸ್ಕೋಪ್‌ನಿಂದ (ನೀರಿನಲ್ಲಿ ಉಳಿದ ಕ್ಲೋರಿನ್ನನ್ನು ಬಣ್ಣ ಹೋಲಿಸಿ ಅಳೆಯುವ ಸಾಧನ) ನೋಡಿದಾಗ ಲೀಟರಿಗೆ 0.5 ಮಿ.ಗ್ರಾಂ ಇದ್ದರೆ ಸರಿ. ನೇರಳೆ ಬಣ್ಣದ ಪೊಟ್ಯಾಸಿಯಂ ಪರ್ಮ್ಯಾಂಗನೇಟ್ ಹಾಕಿ ಸುಮ್ಮನಿರಬೇಡಿ, ರೋಗಾಣು ಕೊಲ್ಲಲು ಅದನ್ನು ನೆಚ್ಚುವಂತಿಲ್ಲ.

ಬಾವಿಯ ಒಳಗೋಡೆಯಲ್ಲಿ ಮೇಲಿನ 10 ಅಡಿಯ ಸಂದುಗಳಿಗೆ ಸಿಮೆಂಟು ತುಂಬಿಸಿ, ಸುತ್ತ ನಾಲ್ಕಡಿ ಅಗಲದ ಹೊರಮುಖ ಇಳಿಜಾರಿನ ಕಟ್ಟೆ ಹಾಕಿಸಿ, ಚೆಲ್ಲಿದ ನೀರು ದೂರ ಹೋಗುವ ಕಾಲುವೆ ಮಾಡಿ. ಮೇಲೆ ಬಲೆ ಹಾಸುವುದಂತೂ ಎಲ್ಲರಿಗೂ ಗೊತ್ತಿರುವುದೇ.

ಹಂತ 8: ಎಣ್ಣೆ ಅಥವಾ ರಾಸಾಯನಿಕವಾದರೆ

ಪೆಟ್ರೋಲ್, ಡೀಸೆಲ್, ಕಾರ್ಖಾನೆಯ ನೀರು, ಲೋಹ ಇವುಗಳನ್ನು ಕೇರಿಯವರು ತಾವೇ ತೆಗೆಯಲು ಹೋಗಬಾರದು. ಬ್ಲೀಚಿಂಗ್ ಹಾಕುವುದು ಹಾನಿಕರ. ಪಂಪು ಹಚ್ಚಿ ಚರಂಡಿಗೆ ಬಿಟ್ಟರೆ ಬೆಂಕಿಯ ಅಪಾಯವೂ ಮಾಲಿನ್ಯ ಹರಡುವ ಅಪಾಯವೂ ಉಂಟು. ಜಲ (ಮಾಲಿನ್ಯ ತಡೆ ಮತ್ತು ನಿಯಂತ್ರಣ) ಕಾಯ್ದೆ, 1974ರ 24ನೆಯ ಕಲಮು ನೀರಿನ ಹರಿವಿಗೂ ಬಾವಿಗೂ ವಿಷಕಾರಿ ವಸ್ತು ಬಿಡುವುದನ್ನು ನಿಷೇಧಿಸುತ್ತದೆ. ಆ ಕಾಯ್ದೆಯ ಅರ್ಥದಲ್ಲಿ ಅಂತರ್ಜಲವೂ ಸೇರಿದೆ. ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿ ಕಾರವಾರದಲ್ಲಿದೆ. ನಕ್ಷೆ, ನೀರಿನ ಮಟ್ಟದ ಲೆಕ್ಕ, ದಿನಾಂಕ ಸಹಿತ ವರದಿಗಳು, ಮನೆಯವರ ಸಹಿಗಳನ್ನು ಲಗತ್ತಿಸಿ ಅಲ್ಲಿಗೆ ದೂರು ಕೊಟ್ಟು, ಪ್ರತಿಯನ್ನು ಜಿಲ್ಲಾಧಿಕಾರಿಗಳಿಗೂ ಕಳುಹಿಸಿ. ಬರಿಯ ‘ನೀರು ಕೆಟ್ಟಿದೆ’ ಎಂಬ ಪತ್ರಕ್ಕೂ ಐದನೆಯ ಹಂತದ ಬಾಣ ಬರೆದ ನಕ್ಷೆಗೂ ಬಹಳ ವ್ಯತ್ಯಾಸವಿದೆ. ಅಲ್ಲಿ ಕೆಲಸವಾಗದಿದ್ದರೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಚೆನ್ನೈ ಪೀಠಕ್ಕೆ ಹೋಗಬಹುದು. ವಿವಾದದ ಅರ್ಜಿಗೆ ಕಾರಣ ಮೊದಲು ಉಂಟಾದ ದಿನದಿಂದ 6 ತಿಂಗಳ ಗಡುವು ಇದೆ, ಪರಿಹಾರದ ಅರ್ಜಿಗೆ 5 ವರ್ಷ. ‘ನೋಡೋಣ’ ಎನ್ನುತ್ತ ಆರು ತಿಂಗಳು ಕಳೆದುಕೊಂಡವರಿದ್ದಾರೆ, ಆದ್ದರಿಂದ ಮೊದಲ ದಿನದಿಂದಲೇ ದಿನಾಂಕ ಬರೆದಿಡಿ.

ಮುಂದಿನ ಸಭೆಗಳಲ್ಲಿ ಬಳಸುವ ಮಾತುಗಳು ನಿಮಗೆ ತಿಳಿದಿರಲಿ. ‘ಪಂಪ್ ಅಂಡ್ ಟ್ರೀಟ್’ ಎಂದರೆ ಕೊಳವೆಬಾವಿಗಳಿಂದ ಕೆಟ್ಟ ನೀರನ್ನು ಎತ್ತಿ, ಇದ್ದಿಲು ಮುಂತಾದವುಗಳ ಮೂಲಕ ಹಾಯಿಸಿ ಶುದ್ಧ ಮಾಡುವುದು. ಇದು ವರ್ಷಗಟ್ಟಲೆ ನಡೆಯುತ್ತದೆ. ‘ಏರ್ ಸ್ಪಾರ್ಜಿಂಗ್’ ಎಂದರೆ ನೀರಿನ ಮಟ್ಟದ ಕೆಳಗೆ ಗಾಳಿ ಊದಿ ಆವಿಯಾಗುವ ಎಣ್ಣೆಯಂಶವನ್ನು ಹೊರತರುವುದು. ‘ರಿಯಾಕ್ಟಿವ್ ಬ್ಯಾರಿಯರ್’ ಎಂದರೆ ಹರಿವಿಗೆ ಅಡ್ಡಲಾಗಿ ಕಂದಕ ತೋಡಿ ಕಬ್ಬಿಣದ ಪುಡಿಯಂತಹ ವಸ್ತು ತುಂಬಿ, ನೀರು ಅದರ ಮೂಲಕವೇ ಹಾದು ಶುದ್ಧವಾಗುವಂತೆ ಮಾಡುವುದು. ಸಹಜವಾಗಿ ಕರಗಲು ಬಿಟ್ಟು ನಿಗಾ ಇಡುತ್ತೇವೆ ಎಂದು ಯಾರಾದರೂ ಹೇಳಿದರೆ, ಎಷ್ಟು ಬಾವಿಗಳಲ್ಲಿ, ಎಷ್ಟು ದಿನಕ್ಕೊಮ್ಮೆ ಪರೀಕ್ಷೆ ಮಾಡುತ್ತೀರಿ, ವರದಿ ನಮಗೆ ಕೊಡುತ್ತೀರಾ ಎಂದು ಬರಹದಲ್ಲಿ ಕೇಳಿ. ಮೂಲವನ್ನು ಮುಚ್ಚದೆ ಸಹಜವಾಗಿ ಕರಗಲು ಬಿಡುವುದು ಯಾವ ಪರಿಹಾರವೂ ಅಲ್ಲ.

ಹಂತ 9: ಮಳೆನೀರು ಇಂಗಿಸಿ, ನಿಗಾ ಇಡಿ

ಮೂಲ ಮುಚ್ಚಿದ ಮೇಲೆ ನೆಲವನ್ನು ತೊಳೆಯುವ ಕೆಲಸವನ್ನು ನಮ್ಮ ಮಳೆ ಬೇರೆ ಯಾವ ಯಂತ್ರಕ್ಕಿಂತಲೂ ಚೆನ್ನಾಗಿ ಮಾಡುತ್ತದೆ. 100 ಚದರ ಮೀಟರ್ ಮಾಡಿನ ಮೇಲೆ 3000 ಮಿ.ಮೀ. ಮಳೆ ಬಿದ್ದು ಅದರ 80 ಶೇಕಡಾ ಹಿಡಿದರೂ 2,40,000 ಲೀಟರ್ ಆಗುತ್ತದೆ. ಇದನ್ನು ಜಲ್ಲಿ, ಹೊಯಿಗೆ ತುಂಬಿದ ಗುಂಡಿಯ ಮೂಲಕ, ಬಾವಿಯ ಮೇಲ್ಭಾಗದಲ್ಲಿ ಇಂಗಿಸಿ. ಮೊದಲ ಕೆಲವು ಮಳೆಯ ನೀರನ್ನು, ಹಕ್ಕಿಯ ಹಿಕ್ಕೆ, ಕೊಳೆತ ಎಲೆ ತೊಳೆದು ಹೋಗುವವರೆಗೆ, ಹೊರಗೆ ಬಿಡಬೇಕು. ಅಂಗಳದ ಮತ್ತು ರಸ್ತೆಯ ನೀರನ್ನು ಈ ಗುಂಡಿಗೆ ಬಿಡಬೇಡಿ. ಮಾಡಿನ ನೀರನ್ನೂ ಸೋಸದೆ ನೇರವಾಗಿ ಬಾವಿಗೆ ಬಿಡಬೇಡಿ.

ನೆಲದಡಿಯಲ್ಲಿ ರೋಗಾಣುಗಳು ವಾರಗಳಿಂದ ಕೆಲವು ತಿಂಗಳವರೆಗೆ ಬದುಕುತ್ತವೆ. ಹಲವು ದೇಶಗಳು ಬಾವಿಯ ರಕ್ಷಣಾ ವಲಯವನ್ನು ನೀರು 50 ದಿನ ನಡೆಯುವ ದೂರಕ್ಕೆ ಗುರುತಿಸುವುದು ಇದೇ ಕಾರಣಕ್ಕೆ. ನೈಟ್ರೇಟ್ ಸಾಯುವ ವಸ್ತುವಲ್ಲ, ಮಳೆನೀರಿನಲ್ಲಿ ತೆಳುವಾಗುತ್ತ ಹರಿದು ಹೋಗಬೇಕು. ಅದಕ್ಕೆ ಒಂದೆರಡು ಮಳೆಗಾಲಗಳ ತಾಳ್ಮೆ ಬೇಕು.

ಟಿಡಿಎಸ್ ಮತ್ತು ನೀರಿನ ಮಟ್ಟವನ್ನು ತಿಂಗಳಿಗೊಮ್ಮೆ ನೋಟ್‌ಬುಕ್ಕಿನಲ್ಲಿ ಬರೆಯಿರಿ. ರೋಗಾಣು ಪರೀಕ್ಷೆಯನ್ನು ವರ್ಷಕ್ಕೆ ಮೂರು ಸಲ ಮಾಡಿಸಿ: ಮೇ ಕೊನೆಯಲ್ಲಿ, ಆರಿದ್ರಾ ಮಳೆ ಮುಗಿದ ಮೇಲೆ (ಜುಲೈ ಮೊದಲ ವಾರದ ನಂತರ), ಅಕ್ಟೋಬರ್‌ನಲ್ಲಿ. ಬೇಸಗೆಯ ಒಂದು ಒಳ್ಳೆಯ ವರದಿ ಬಂದಿತೆಂದು ಬಾವಿಯನ್ನು ಬಳಕೆಗೆ ತೆರೆಯಬೇಡಿ. ಆರಿದ್ರಾ ಮಳೆಯ ನಂತರದ ಮಾದರಿಯಲ್ಲಿ, ಹದಿನೈದು ದಿನ ಬಿಟ್ಟು ತೆಗೆದ ಇನ್ನೊಂದು ಮಾದರಿಯಲ್ಲಿ, ಎರಡರಲ್ಲಿಯೂ ಇ-ಕೊಲೈ ಇಲ್ಲವೆಂದು ಬಂದು, ನೈಟ್ರೇಟ್ 45ಕ್ಕಿಂತ ಕೆಳಗಿದ್ದರೆ ಆ ಬಾವಿಯ ನೀರನ್ನು ಮತ್ತೆ ಕುಡಿಯಲು ಬಳಸಬಹುದು.